ಲೆಕ್ಕದ ಕೆಳಗೆ ನಿನ್ನ ಹೆಸರು

ತಂಗಿ, ಭೌತಶಾಸ್ತ್ರದಲ್ಲಿ ಪಿಎಚ್‌.ಡಿ. ಮಾಡಿದವಳು ಕಾಲೇಜಿನ ನೌಕರಿಗೆ ಅರ್ಜಿ ಹಾಕುವುದನ್ನು ಬಿಟ್ಟು, ಗೋಕಾಕದಲ್ಲೇ ಕೂತು ವಿಜ್ಞಾನಿಗಳಿಗೂ ಕಾರ್ಖಾನೆಗಳಿಗೂ ಲೆಕ್ಕದ ಸಾಫ್ಟ್‌ವೇರ್ ಬರೆದುಕೊಡುತ್ತೇನೆ, ಸಲಹೆಗಾರಳಾಗಿ ದುಡಿಯುತ್ತೇನೆ ಎಂದಾಗ ಮನೆಯವರಿಗೆ ಗಾಬರಿಯಾದದ್ದು ಸಹಜ. ತಿಂಗಳ ಪಗಾರ ಇಲ್ಲ, ಬೋರ್ಡು ಹಾಕಿದ ಆಫೀಸಿಲ್ಲ, ‘ಮಗಳು ಏನ್ ಮಾಡ್ತಾಳ?’ ಎಂದು ಸಂತೆಯಲ್ಲಿ ಯಾರಾದರೂ ಕೇಳಿದರೆ ನಿಮ್ಮಪ್ಪನಿಗೆ ಒಂದೇ ಮಾತಿನಲ್ಲಿ ಹೇಳಲು ಬರುವುದಿಲ್ಲ. ನಾಲ್ಕು ಧೈರ್ಯದ ಮಾತು ಕೇಳಿಕೊಂಡು ಹೋಗೋಣವೆಂದು ನೀನು ನನ್ನ ಹತ್ತಿರ ಬಂದೆ. ಧೈರ್ಯ ನಿನ್ನಲ್ಲಿ ಬೇಕಾದಷ್ಟಿದೆ, ಅದನ್ನು ನಾನು ಕೊಡಬೇಕಿಲ್ಲ. ನೀನು ಮಾರಲು ಹೊರಟ ಸರಕು ಯಾವುದು ಎಂಬುದನ್ನು ಮಾತ್ರ ಮೊದಲು ಸ್ಪಷ್ಟ ಮಾಡಿಕೋ.

ಕೋಡ್ ಬರೆಯುವವರಿಗೆ ಈ ದೇಶದಲ್ಲಿ ಬರವಿಲ್ಲ. ಈಗಂತೂ ಕೃತಕ ಬುದ್ಧಿಮತ್ತೆಯ ಸಾಧನಗಳು ಕೇಳಿದ ನಿಮಿಷಕ್ಕೆ ನೂರಾರು ಸಾಲು ಬರೆದು ಮುಂದಿಡುತ್ತವೆ. ಆ ಪೈಪೋಟಿಗೆ ನೀನು ಇಳಿದರೆ ವರ್ಷ ವರ್ಷ ದರ ಇಳಿಸುತ್ತ ಹೋಗಬೇಕಾಗುತ್ತದೆ. ಪರದೆಯ ಮೇಲೆ ಬಂದ ಸಂಖ್ಯೆಯನ್ನು ನೋಡಿ, ಕೋಡಿನ ಒಂದು ಸಾಲನ್ನೂ ಓದುವ ಮೊದಲೇ, ‘ಇದು ಹೀಗೆ ಬರಲಿಕ್ಕೆ ಸಾಧ್ಯವಿಲ್ಲ’ ಎಂದು ಹೇಳಬಲ್ಲವರು ಬಹಳ ಕಡಿಮೆ. ಭೌತಶಾಸ್ತ್ರ ನಿನಗೆ ಕಲಿಸಿದ್ದು ಅದನ್ನೇ. ಹಣ ಕೇಳುವುದಿದ್ದರೆ ಅದಕ್ಕೆ ಕೇಳು, ಸಂಕೋಚವಿಲ್ಲದೆ ಕೇಳು.

ನಮ್ಮ ಮಗ್ಗುಲಲ್ಲೇ ಇರುವ ಲೆಕ್ಕ ತೆಗೆದುಕೊಳ್ಳೋಣ. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯದಲ್ಲಿ ಸುಮಾರು 51 ಟಿಎಂಸಿ ನೀರು ಹಿಡಿಯುತ್ತದೆ. ಒಂದು ಟಿಎಂಸಿ ಅಂದರೆ 100 ಕೋಟಿ ಘನ ಅಡಿ. ದಿನಕ್ಕೆ 86,400 ಸೆಕೆಂಡು. ಭಾಗಿಸಿದರೆ 11,574 ಬರುತ್ತದೆ. ಅಂದರೆ ಅಷ್ಟು ಕ್ಯುಸೆಕ್ (ಸೆಕೆಂಡಿಗೆ ಅಷ್ಟು ಘನ ಅಡಿ) ನೀರು ಹಗಲು ರಾತ್ರಿ ಹರಿದರೆ ಒಂದು ದಿನಕ್ಕೆ ಒಂದು ಟಿಎಂಸಿ. ಒಳಹರಿವು 50,000 ಕ್ಯುಸೆಕ್ ಇದ್ದರೆ ದಿನಕ್ಕೆ 4.3 ಟಿಎಂಸಿ ಬಂತು, ಬರಿದಾದ ಜಲಾಶಯ ತುಂಬಲು ಹನ್ನೆರಡು ದಿನದ ಹತ್ತಿರ ಬೇಕು. ಇಷ್ಟು ಬಾಯಿಲೆಕ್ಕ. ಈಗ ಯಾರೋ ಬರೆದ ಚೆಂದದ ಸಾಫ್ಟ್‌ವೇರ್, ಬಣ್ಣಬಣ್ಣದ ನಕ್ಷೆಯ ಸಮೇತ, ಅದೇ ಜಲಾಶಯ ಎಂಟು ತಾಸಿನಲ್ಲಿ ತುಂಬುತ್ತದೆ ಎಂದು ತೋರಿಸಿತು ಎಂದುಕೋ. ಸಾಫ್ಟ್‌ವೇರ್ ಕಂಪನಿಯ ಹುಡುಗ ಕೋಡಿನಲ್ಲಿ ತಪ್ಪು ಹುಡುಕುತ್ತಾನೆ, ಕೋಡಿನಲ್ಲಿ ತಪ್ಪಿರುವುದಿಲ್ಲ. ಹನ್ನೆರಡು ದಿನಕ್ಕೂ ಎಂಟು ತಾಸಿಗೂ ಇರುವ ಅಂತರ ಮೂವತ್ತೈದು ಪಟ್ಟು. ಒಂದು ಘನ ಮೀಟರಿನಲ್ಲಿ 35.3 ಘನ ಅಡಿ ಇರುತ್ತವೆ ಎಂಬುದು ನಿನಗೆ ನೆನಪಾಗಬೇಕು. ಎಲ್ಲೋ ಒಂದು ಕಡತದಲ್ಲಿ ಕ್ಯುಸೆಕ್ ಅಂಕಿಯನ್ನು ಕ್ಯುಮೆಕ್, ಅಂದರೆ ಸೆಕೆಂಡಿಗೆ ಘನ ಮೀಟರ್, ಎಂದು ಓದಿದ್ದಾರೆ. ಹುಡುಗ ಎರಡು ವಾರ ಹುಡುಕುವುದನ್ನು ನೀನು ಚಹಾ ಆರುವುದರೊಳಗೆ ಹಿಡಿದೆ. ನಿನ್ನ ದರ ಆ ಹತ್ತು ನಿಮಿಷಕ್ಕೆ ಅಂತ ಯಾರಾದರೂ ಅಂದರೆ ಒಪ್ಪಿಕೊಳ್ಳಬೇಡ.

ಇಂಥ ತಪ್ಪು ದೊಡ್ಡವರ ಮನೆಯಲ್ಲೂ ಆಗಿದೆ. 1999ರ ಸೆಪ್ಟೆಂಬರಿನಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಮಂಗಳ ಗ್ರಹದ ಹತ್ತಿರ ಹೋಗಿ ನಾಶವಾದದ್ದು ಒಂದು ಕಡೆಯವರು ಪೌಂಡಿನಲ್ಲಿ, ಇನ್ನೊಂದು ಕಡೆಯವರು ನ್ಯೂಟನ್ನಿನಲ್ಲಿ ಲೆಕ್ಕ ಹಿಡಿದದ್ದಕ್ಕೆ.

ಗೋಕಾಕ ಜಲಪಾತವನ್ನು ನೀನು ಹುಟ್ಟಿದಾಗಿನಿಂದ ನೋಡಿದ್ದೀಯ. 52 ಮೀಟರ್ ಎತ್ತರ. ಅಲ್ಲಿ ಒಂದು ಕ್ಯುಸೆಕ್ ನೀರು, ಅಂದರೆ ಸೆಕೆಂಡಿಗೆ 28.3 ಲೀಟರ್, ಕೆಳಗೆ ಬಿದ್ದರೆ ಎಷ್ಟು ಶಕ್ತಿ? 28.3ನ್ನು 9.8ರಿಂದ, ಅದನ್ನು 52ರಿಂದ ಗುಣಿಸು: ಹದಿನಾಲ್ಕು ಕಿಲೋವ್ಯಾಟ್ ಮೇಲೆ ಸ್ವಲ್ಪ. ಹತ್ತೊಂಬತ್ತು ಎಚ್‌ಪಿ ಅನ್ನು. ಟರ್ಬೈನಿನಲ್ಲಿ ಒಂದಿಷ್ಟು ಸೋರಿಹೋಗುತ್ತದೆ. 1887ರಲ್ಲಿ ಇದೇ ನೀರಿನ ಬಲದಿಂದ ಗೋಕಾಕ ಫಾಲ್ಸಿನ ನೂಲಿನ ಗಿರಣಿ ನಡೆಸಲು ಹೊರಟವರು ಇದೇ ಗುಣಾಕಾರ ಮಾಡಿರಬೇಕು. ಅವರ ಹತ್ತಿರ ಕಾಗದ, ಪೆನ್ಸಿಲ್ ಇತ್ತೇ ಹೊರತು ಕಂಪ್ಯೂಟರ್ ಇರಲಿಲ್ಲ. ಸಾಫ್ಟ್‌ವೇರ್ ಬರೆಯಲು ಕೂಡ್ರುವ ಮೊದಲು ನೀನೂ ಇದೇ ರೂಢಿ ಇಟ್ಟುಕೋ. ಉತ್ತರ ಸುಮಾರು ಎಷ್ಟು ಬರಬೇಕು ಎಂದು ಒಂದು ಹಾಳೆಯ ಮೇಲೆ ಮೊದಲೇ ಬರೆದು, ದಿನಾಂಕ ಹಾಕಿ, ಎತ್ತಿಡು. ಪ್ರೋಗ್ರಾಮ್ ಓಡಿದ ಮೇಲೆ ಬರೆದರೆ ಅದಕ್ಕೆ ಬೆಲೆಯಿಲ್ಲ, ಏಕೆಂದರೆ ಕಣ್ಣೆದುರು ಬಂದ ಉತ್ತರಕ್ಕೆ ಸಮರ್ಥನೆ ಹುಡುಕುವುದರಲ್ಲಿ ನಮ್ಮ ಮನಸ್ಸು ಬಹಳ ಚುರುಕು.

ಭೌತಶಾಸ್ತ್ರ ಬಿಟ್ಟು ಕಂಪ್ಯೂಟರಿಗೆ ಹೋದಳು ಎಂದು ನಿನ್ನ ಹಳೆಯ ಮೇಷ್ಟರುಗಳು ಬೇಸರ ಮಾಡಿಕೊಂಡರೆ ಅವರಿಗೆ ಸಿ.ವಿ. ವಿಶ್ವೇಶ್ವರ ಅವರ ಕೆಲಸ ನೆನಪಿಸು. 1938ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು, ಕನ್ನಡದ ಲೇಖಕ ಸಿ.ಕೆ. ವೆಂಕಟರಾಮಯ್ಯನವರ ಮಗ; ಮುಂದೆ ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯ ಕಟ್ಟಿದವರೂ ಅವರೇ. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ಮಿಸ್ನರ್ ಅವರ ಕೈಕೆಳಗೆ ಪಿಎಚ್‌.ಡಿ. ಮಾಡಿದರು. ಕಪ್ಪುಕುಳಿಯ ಮೇಲೆ ಗುರುತ್ವದ ಅಲೆ ಹಾಯಿಸಿದರೆ ಏನಾಗುತ್ತದೆ ಎಂಬುದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಮಾಡಿ ನೋಡಿದರು. ಅಗಲವಾದ ಅಲೆ ಹಾಯಿಸಿದಾಗ ವಿಶೇಷವೇನೂ ಕಾಣಲಿಲ್ಲ. ಅವರು ಅಲೆಯನ್ನು ಕಿರಿದು ಮಾಡುತ್ತ ಹೋದರು. ಸಾಕಷ್ಟು ಕಿರಿದಾದಾಗ ಕಪ್ಪುಕುಳಿಯ ಉತ್ತರ ಕಾಣಿಸಿತು: ತನ್ನದೇ ಆದ ಒಂದು ಆವರ್ತನದಲ್ಲಿ ಕಂಪಿಸಿ, ಕ್ರಮೇಣ ಅಡಗುವ ಅಲೆ. 1970ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. 2015ರ ಸೆಪ್ಟೆಂಬರ್ 14ರಂದು ಲೈಗೋ ಉಪಕರಣಗಳು ಮೊದಲ ಬಾರಿ ಗುರುತ್ವದ ಅಲೆ ಹಿಡಿದಾಗ, ಆ ಸಂಕೇತದ ಬಾಲದಲ್ಲಿ ಹುಡುಕಿದ್ದು ಈ ಕಂಪನವನ್ನೇ. ವಿಶ್ವೇಶ್ವರ ಆಗ ಬದುಕಿದ್ದರು. 2017ರ ಜನವರಿಯಲ್ಲಿ ತೀರಿಕೊಂಡರು. ನಾನು ಇದನ್ನು ಹೇಳುವುದು ಹೆಮ್ಮೆಗೆ ಮಾತ್ರ ಅಂತ ತಿಳಿಯಬೇಡ. ಆ ಕಾಲದ ಯಂತ್ರಕ್ಕೆ ಶಕ್ತಿ ಎಷ್ಟಿತ್ತು ಹೇಳು? ನಿನ್ನ ಮೊಬೈಲಿನ ಮುಂದೆ ಅದು ಏನೂ ಅಲ್ಲ. ಮೊದಲ ಸಲ ಏನೂ ಕಾಣದಿದ್ದಾಗ ‘ಇಲ್ಲ, ಪ್ರಶ್ನೆಯನ್ನು ಬೇರೆ ರೀತಿ ಕೇಳಬೇಕು’ ಎಂದು ಹಟ ಹಿಡಿದದ್ದು ಯಂತ್ರ ಮಾಡಿದ ಕೆಲಸವಲ್ಲ.

ಬೆಂಗಳೂರಿನ ವಿಮಾನ ಸಂಶೋಧನೆಯ ಪ್ರಯೋಗಾಲಯ ಎನ್‌ಎಎಲ್‌ನಲ್ಲಿ 1986ರಲ್ಲಿ ಯು.ಎನ್. ಸಿನ್ಹಾ ಮತ್ತು ಸಂಗಡಿಗರು ‘ಫ್ಲೋಸಾಲ್ವರ್’ ಎಂಬ ಸಮಾಂತರ ಗಣಕ ಕಟ್ಟಿದ್ದೂ ಹೀಗೆಯೇ. ವಿಮಾನದ ರೆಕ್ಕೆಯ ಮೇಲೆ ಗಾಳಿ ಹೇಗೆ ಹರಿಯುತ್ತದೆ ಎಂಬ ಸಮೀಕರಣ ಬಿಡಿಸಬೇಕಿತ್ತು, ಬೇಕಾದಂಥ ಯಂತ್ರ ಹೊರಗಿನಿಂದ ಸುಲಭವಾಗಿ ಸಿಗುತ್ತಿರಲಿಲ್ಲ. ಮುಂದೆ ಮುಂಗಾರಿನ ಲೆಕ್ಕಕ್ಕೂ ಅದನ್ನು ಹಚ್ಚಿದರು. ನೀನು ದಿನಾ ಬಳಸುವ ಐಪೈಥಾನ್ ಕೂಡ 2001ರಲ್ಲಿ ಫರ್ನಾಂಡೊ ಪೆರೆಸ್ ಎಂಬ ಕೊಲಂಬಿಯಾ ದೇಶದ ಭೌತಶಾಸ್ತ್ರದ ವಿದ್ಯಾರ್ಥಿ ತನ್ನ ಪಿಎಚ್‌.ಡಿ. ನಡುವೆ ಬರೆಯಲು ಹಿಡಿದದ್ದು. ಜುಪಿಟರ್ ನೋಟ್‌ಬುಕ್ ಬೆಳೆದದ್ದು ಅದರಿಂದ. ಜೂಲಿಯಾ ಎಂಬ ಪ್ರೋಗ್ರಾಮಿಂಗ್ ಭಾಷೆ ಕಟ್ಟಿದ ನಾಲ್ವರಲ್ಲಿ ಒಬ್ಬರಾದ ವಿರಲ್ ಶಾ ಬೆಂಗಳೂರಿನಲ್ಲಿ ಆಧಾರ್ ಯೋಜನೆಯಲ್ಲಿ ದುಡಿದವರು. ಇಂಥ ಕೆಲಸಕ್ಕೆ ‘ಸಂಶೋಧನಾ ಸಾಫ್ಟ್‌ವೇರ್ ಎಂಜಿನಿಯರ್’ ಎಂಬ ಹೆಸರು ಬ್ರಿಟನ್ನಿನಲ್ಲಿ ಬಿದ್ದದ್ದು 2012ರಲ್ಲಿ. ಹೆಸರು ಹೊಸದು, ಕೆಲಸ ಹಳೆಯದು. ನಿಮ್ಮಪ್ಪನಿಗೆ ಹೀಗೆ ಹೇಳು: ‘ದೊಡ್ಡ ದೊಡ್ಡ ಲೆಕ್ಕ ಬಿಡಿಸಿ ಕೊಡ್ತಾಳ, ಬೇರೆಯವರು ಬಿಡಿಸಿದ ಲೆಕ್ಕ ಸರಿ ಐತೋ ಇಲ್ಲೋ ನೋಡಿ ಹೇಳ್ತಾಳ.’ ಸಂತೆಗೆ ಅಷ್ಟು ಸಾಕು.

ಇನ್ನು ನಾನು ಗಟ್ಟಿಯಾಗಿ ಹೇಳಬೇಕಾದ ಮಾತಿಗೆ ಬರುತ್ತೇನೆ. ಎಂಟು ತಾಸಿನಲ್ಲಿ ಹಿಡಕಲ್ ತುಂಬುವಂಥ ತಪ್ಪು ಎದ್ದು ಕಾಣುತ್ತದೆ, ಅದಕ್ಕೆ ಹೆದರಬೇಡ. ಚೆಂದವಾಗಿ ಕಾಣುವ ತಪ್ಪಿಗೆ ಹೆದರು. ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯಲ್ಲಿ ಜೆಫ್ರಿ ಚಾಂಗ್ ಎಂಬ ವಿಜ್ಞಾನಿ ಜೀವಕೋಶದ ಪೊರೆಯಲ್ಲಿರುವ ಪ್ರೋಟೀನುಗಳ ಆಕಾರ ಬಿಡಿಸಿ ಒಳ್ಳೆಯ ಹೆಸರು ಮಾಡಿದ್ದರು. 2006ರಲ್ಲಿ ಸ್ವಿಟ್ಜರ್‌ಲ್ಯಾಂಡಿನ ಒಂದು ತಂಡ ಅದೇ ಕುಟುಂಬದ ಇನ್ನೊಂದು ಪ್ರೋಟೀನಿನ ಆಕಾರ ಪ್ರಕಟಿಸಿತು, ಎರಡೂ ತಾಳೆಯಾಗಲಿಲ್ಲ. ಹುಡುಕಿದಾಗ ಸಿಕ್ಕಿದ್ದು ಪ್ರಯೋಗಾಲಯದಲ್ಲೇ ಬಳಸುತ್ತಿದ್ದ ಒಂದು ಚಿಕ್ಕ ಪ್ರೋಗ್ರಾಮ್. ಅದು ದತ್ತಾಂಶದ ಎರಡು ಕಾಲಂಗಳನ್ನು ಅದಲುಬದಲು ಮಾಡುತ್ತಿತ್ತು. ಅಷ್ಟರಿಂದ ಇಡೀ ಆಕಾರ ತಿರುಗುಮುರುಗಾಗಿತ್ತು. ಐದು ಪ್ರಬಂಧಗಳನ್ನು ವಾಪಸು ಪಡೆಯಬೇಕಾಯಿತು. ಇಂಥ ತಪ್ಪಿಗೆ ಪ್ರೋಗ್ರಾಮ್ ನಿಲ್ಲುವುದಿಲ್ಲ, ಎಚ್ಚರಿಕೆಯ ಸಂದೇಶವನ್ನೂ ಕೊಡುವುದಿಲ್ಲ. ಎರಡೇ ಕಾಲಂ, ತಂಗಿ. ಆ ಪ್ರೋಗ್ರಾಮಿಗೆ ಉತ್ತರ ಗೊತ್ತಿರುವ ಒಂದು ಹಳೆಯ ಪ್ರೋಟೀನನ್ನು ಕೊಟ್ಟು ಒಮ್ಮೆ ಓಡಿಸಿ ನೋಡಿದ್ದರೆ ಅವತ್ತೇ ಸಿಕ್ಕಿಬೀಳುತ್ತಿತ್ತು.

ಅದಕ್ಕೇ ಹೇಳುವುದು, ಉತ್ತರ ಗೊತ್ತಿರುವ ಲೆಕ್ಕವನ್ನು ಮೊದಲು ಓಡಿಸು. ಪ್ರತಿ ಬದಲಾವಣೆಯ ನಂತರ ಅದನ್ನು ಮತ್ತೆ ಓಡಿಸುವಂತೆ ಯಂತ್ರಕ್ಕೇ ಕಟ್ಟಿಹಾಕು. ಯಾವ ಅಂಕಿಗೆ ಯಾವ ಮಾನ ಎಂಬುದನ್ನು ಕಾಲಂನ ತಲೆಯಲ್ಲೇ ಬರೆ. ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿ ಇಡದ ಕೋಡನ್ನು ಗಿರಾಕಿಗೆ ಕಳಿಸಬೇಡ. ಆರು ತಿಂಗಳ ನಂತರ ‘ಆ ನಕ್ಷೆ ಯಾವ ಕೋಡಿನಿಂದ ಬಂತು?’ ಎಂದು ಅವರು ಕೇಳಿಯೇ ಕೇಳುತ್ತಾರೆ.

ಮಳೆಯ ಕಡತಗಳ ಬಗ್ಗೆ ಎಚ್ಚರ ಇರಲಿ. ಮಳೆಮಾಪಕ ಕೆಟ್ಟ ದಿನ, ಓದುವವರು ರಜೆ ಹಾಕಿದ ದಿನ, ಕೆಲವರು ಆ ಮನೆಯಲ್ಲಿ -999 ಎಂದು ತುಂಬಿರುತ್ತಾರೆ. ತಿಂಗಳಲ್ಲಿ 29 ದಿನ ಹತ್ತು ಹತ್ತು ಮಿಲಿಮೀಟರ್ ಬಿದ್ದು ಒಂದು ದಿನ -999 ಇದ್ದರೆ ಸರಾಸರಿ ಸೊನ್ನೆಗಿಂತ ಕೆಳಗೆ, -23.6ಕ್ಕೆ ಹೋಗುತ್ತದೆ. ಆಕಾಶಕ್ಕೆ ವಾಪಸು ಹೋಗುವ ಮಳೆ ಇಲ್ಲವಾದ್ದರಿಂದ ಇದು ತಾನಾಗಿ ಗೊತ್ತಾಗುತ್ತದೆ. ಆದರೆ ಕೆಲವರು ಅಲ್ಲಿ ಸೊನ್ನೆ ತುಂಬಿರುತ್ತಾರೆ. ಮಳೆಯೇ ಬಾರದ ದಿನಕ್ಕೂ ಮಳೆ ಅಳೆಯದ ದಿನಕ್ಕೂ ವ್ಯತ್ಯಾಸ ಅಳಿಸಿಹೋಯಿತು. ಹುಚ್ಚು ಮಳೆ ಸುರಿದ ದಿನವೇ ಮಾಪಕದ ಹತ್ತಿರ ಹೋಗಲಾಗದೆ ಉಳಿದಿರುವ ಸಾಧ್ಯತೆಯೇ ಹೆಚ್ಚು, ನೋಡು. ಅಂಥ ಸೊನ್ನೆಯನ್ನು ಸಾಫ್ಟ್‌ವೇರ್ ತಾನಾಗಿ ಹಿಡಿಯುವುದು ಕಷ್ಟ. ಎದ್ದು ಹೋಗಿ, ಆ ಮಾಪಕ ನೋಡಿಕೊಳ್ಳುವ ಮನುಷ್ಯನನ್ನು ಕಂಡು, ಅವರ ಕೈಬರಹದ ಪುಸ್ತಕ ತೆರೆಸಿ ನೋಡಬೇಕು. ‘ಏನ್ರೀ ಕಾಕಾ, ಈ ದಿನ ಯಾಕ ಸೊನ್ನೆ?’ ಎಂದು ಮರ್ಯಾದೆಯಿಂದ ಕೇಳಿದರೆ ಅವರು ಎಲ್ಲ ಹೇಳುತ್ತಾರೆ. ಇಲ್ಲಿನ ಮಾತು ಬಲ್ಲವಳು ನೀನು; ಬೆಂಗಳೂರಿನ ದೊಡ್ಡ ಕಂಪನಿಗೆ ಅದು ಸುಲಭಕ್ಕೆ ಸಿಗುವಂಥದಲ್ಲ.

ಗೋಕಾಕ, ಹುಕ್ಕೇರಿ, ಮೂಡಲಗಿ, ಈ ಮೂರು ತಾಲ್ಲೂಕಿನಲ್ಲಿ ನಿನಗೆ ಕೆಲಸ ಇದೆಯೇ? ವಿಜ್ಞಾನದ ಪ್ರಶ್ನೆಗಳು ಕಾಲಿಗೆ ತೊಡರುವಷ್ಟಿವೆ. 2019ರ ಆಗಸ್ಟಿನಲ್ಲಿ ಘಟಪ್ರಭೆ, ಮಾರ್ಕಂಡೇಯ ಒಟ್ಟಿಗೆ ಉಕ್ಕಿ ಗೋಕಾಕದೊಳಗೆ ನೀರು ಬಂದು ಲೋಳಸೂರ ಸೇತುವೆ ಮುಳುಗಿದ್ದನ್ನು ನೀನು ಕಂಡಿದ್ದೀಯ. ಹಿಡಕಲ್ಲಿನಿಂದ ಇಷ್ಟು ನೀರು ಬಿಟ್ಟರೆ, ಹಿರಣ್ಯಕೇಶಿ, ಮಾರ್ಕಂಡೇಯಗಳಿಂದ ಇಷ್ಟು ಬಂದು ಕೂಡಿದರೆ, ಎಷ್ಟು ತಾಸಿನ ಮೇಲೆ ಯಾವ ಓಣಿಗೆ ನೀರು ಬರುತ್ತದೆ? ಸಮೀಕರಣಗಳು ನೂರೈವತ್ತು ವರ್ಷ ಹಳೆಯವು. ಬೇಕಾದದ್ದು ನದಿಪಾತ್ರದ ಸರಿಯಾದ ಅಳತೆ ಮತ್ತು ‘ಇಷ್ಟು ಹೆಚ್ಚು ಕಡಿಮೆ ಆಗಬಹುದು’ ಎಂಬುದನ್ನು ಮುಚ್ಚಿಡದೆ ಹೇಳುವ ಒಬ್ಬರು. ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ 1969ರಿಂದ ತಾಲ್ಲೂಕಿಗೆ ಕರೆಂಟು ಹಂಚುತ್ತಿದೆ, ರಾಜ್ಯದಲ್ಲಿ ಅಂಥದು ಅದೊಂದೇ. ಹತ್ತು ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರ್ನಾಟಕದಲ್ಲಿ ಉಚಿತ ವಿದ್ಯುತ್ತು, ಬಹಳ ಕಡೆ ಮೀಟರ್ ಇಲ್ಲ. ಹಾಗಾದರೆ ಹೊಲಕ್ಕೆ ಹೋದ ಕರೆಂಟು ಎಷ್ಟು, ತಂತಿಯಲ್ಲಿ ಸೋರಿದ್ದು ಎಷ್ಟು? ಕೆಲವೇ ಫೀಡರುಗಳ ಅಳತೆಯಿಂದ ಉಳಿದದ್ದನ್ನು ಊಹಿಸಬೇಕು. ಇದು ನೀನು ಎಂ.ಎಸ್‌ಸಿ.ಯಲ್ಲಿ ಕಲಿತ ಸಂಖ್ಯಾಶಾಸ್ತ್ರವೇ. ಅರಭಾವಿಯ ತೋಟಗಾರಿಕಾ ಕಾಲೇಜಿನ ಸಂಶೋಧಕರ ಹತ್ತಿರ ವರ್ಷಗಟ್ಟಲೆಯ ಪ್ರಯೋಗದ ಅಂಕಿಗಳು ಇರುತ್ತವೆ. ಒಂದು ದಿನ ಹೋಗಿ ಕೂತು, ಅವರಿಗೆ ಬೇಸರದ ಕೆಲಸ ಯಾವುದೆಂದು ಕೇಳು.

ಕಬ್ಬಿನ ಲೆಕ್ಕ ಇದೆಲ್ಲಕ್ಕಿಂತ ಸೂಕ್ಷ್ಮ. ಕೇಂದ್ರ ಸರಕಾರ ಕಬ್ಬಿಗೆ ಕಟ್ಟುವ ದರ ಶೇಕಡಾ 10.25ರ ಸಕ್ಕರೆ ಇಳುವರಿಯ ಮೇಲೆ ನಿಂತಿದೆ. ಅಲ್ಲಿಂದ ಮೇಲೆ ಪ್ರತಿ 0.1ಕ್ಕೂ ದರ ಏರುತ್ತದೆ. ಹತ್ತು ಲಕ್ಷ ಟನ್ ಅರೆಯುವ ಕಾರ್ಖಾನೆಯಲ್ಲಿ 0.1 ಅಂದರೆ ಸಾವಿರ ಟನ್ ಸಕ್ಕರೆ. ರಸದ ಸಕ್ಕರೆಯಂಶ ಅಳೆಯುವ ಬ್ರಿಕ್ಸ್ ಮಾಪಕದ ಓದಿಗೆ ರಸದ ಉಷ್ಣತೆಯ ತಿದ್ದುಪಡಿ ಹಾಕಿದ್ದಾರೋ ಇಲ್ಲವೋ, ಸರಾಸರಿ ತೆಗೆಯುವಾಗ ಅಂಕಿಯನ್ನು ಎಲ್ಲಿ ಮೊಟಕು ಮಾಡಿದ್ದಾರೆ, ಇವು ನಿನಗೆ ತಾಂತ್ರಿಕ ಪ್ರಶ್ನೆಗಳು. 2025ರ ನವೆಂಬರಿನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಟನ್ನಿಗೆ 3,500 ರೂಪಾಯಿ ಬೇಕೆಂದು ರಸ್ತೆಗೆ ಕೂತ ರೈತರಿಗೆ ಆ 0.1 ಅಂದರೆ ಮಗಳ ಮದುವೆ, ಸೊಸೈಟಿಯ ಸಾಲ. ನಿನ್ನ ಲೆಕ್ಕದ ಎರಡೂ ಬದಿಗೆ ಮನುಷ್ಯರಿದ್ದಾರೆ.

ಅದಕ್ಕೇ ಇದನ್ನು ಮನಸ್ಸಿನಲ್ಲಿ ಬರೆದಿಟ್ಟುಕೋ. ಯಾವತ್ತೋ ಒಂದು ದಿನ ಒಬ್ಬ ಗಿರಾಕಿ, ಬಹಳ ಸಭ್ಯರೇ, ‘ಮೇಡಂ, ಈ ಅಂಕಿ ಸ್ವಲ್ಪ ಹೀಗೆ ಬಂದರೆ ಅನುಕೂಲ ಆಗ್ತಿತ್ತು’ ಎನ್ನುತ್ತಾರೆ. ಬೈಗುಳದ ದನಿಯಲ್ಲಿ ಬರುವುದಿಲ್ಲ ಅದು, ಸ್ನೇಹದಲ್ಲಿ ಬರುತ್ತದೆ, ಬಹಳ ಸಲ ಬಾಕಿ ಹಣದ ಚೆಕ್ಕು ಮೇಜಿನ ಮೇಲಿರುವಾಗ ಬರುತ್ತದೆ. ಅವರ ಮಾತಿನಲ್ಲಿ ನ್ಯಾಯ ಇರಲೂಬಹುದು, ನೀನು ಹಿಡಿದ ಊಹೆಯೇ ತಪ್ಪಿರಬಹುದು. ‘ನನ್ನ ಯಾವ ಊಹೆ ತಪ್ಪಾಗಿದೆ ಹೇಳ್ರೀ, ಅದನ್ನು ಬದಲಿಸಿ ಓಡಿಸೋಣ, ಹಳೆಯದೂ ಹೊಸದೂ ಎರಡೂ ವರದಿಯಲ್ಲಿ ಹಾಕೋಣ’ ಎನ್ನು. ಊಹೆ ತಪ್ಪೆಂದು ತೋರಿಸಿದರೆ ಸಂತೋಷದಿಂದ ತಿದ್ದು. ತೋರಿಸಲು ಆಗದಿದ್ದರೆ ಅಂಕಿ ಕದಲಕೂಡದು. ಆ ಕೆಲಸ ಹೋದರೆ ಹೋಗಲಿ. ಪ್ರಾಧ್ಯಾಪಕಿಯ ಹಿಂದೆ ವಿಶ್ವವಿದ್ಯಾಲಯ ಇರುತ್ತದೆ, ಕಂಪನಿಯ ಎಂಜಿನಿಯರ್ ಹಿಂದೆ ಕಂಪನಿ ಇರುತ್ತದೆ. ನಿನ್ನ ವರದಿಯ ಕೆಳಗೆ ಇರುವುದು ನಿನ್ನ ಹೆಸರು ಮಾತ್ರ, ಮಾರುಕಟ್ಟೆಯಲ್ಲಿ ನಿನ್ನ ಆಸ್ತಿಯೂ ಅದೇ.

ಇಲ್ಲಿ ಪ್ರಶ್ನೆಗಳಿವೆ ಎಂದೆ. ಹಣ ಇಲ್ಲೇ ಇದೆ ಎಂದು ಹೇಳಿದರೆ ನಿನಗೆ ಮೋಸ ಮಾಡಿದಂತೆ. ಮೊದಲ ವರ್ಷಗಳಲ್ಲಿ ನಿನ್ನ ಗಳಿಕೆಯ ಬಹುಭಾಗ ಬೆಂಗಳೂರು, ಪುಣೆ, ಯುರೋಪಿನ ಕಡೆಯಿಂದ ಬರಬೇಕು: ಹಳೆಯ ಫೋರ್‌ಟ್ರಾನ್ ಕೋಡನ್ನು ಹೊಸದಕ್ಕೆ ತರಬೇಕಾದ ಸಂಶೋಧನಾ ಗುಂಪುಗಳು, ಉಪಕರಣ ತಯಾರಿಸುವವರು, ಬ್ಯಾಟರಿ, ಔಷಧ, ಸೌರಶಕ್ತಿ ಕಂಪನಿಗಳು. ನಿನ್ನ ಪಿಎಚ್‌.ಡಿ. ಮಾರ್ಗದರ್ಶಕರು, ಜೊತೆಗೆ ಓದಿದವರು ಈಗ ಎಲ್ಲೆಲ್ಲಿದ್ದಾರೆ ಎಂದು ಒಂದು ಪಟ್ಟಿ ಮಾಡು. ಮೊದಲ ಕೆಲಸ ಆ ಪಟ್ಟಿಯಿಂದಲೇ ಬರುತ್ತದೆ. ಮುಕ್ತ ತಂತ್ರಾಂಶದ ಯಾವುದಾದರೂ ಒಂದು ಯೋಜನೆಯಲ್ಲಿ ನಿನ್ನ ಕೈಬರಹ ಕಾಣುವಂತಿರಲಿ, ಗುರುತಿಲ್ಲದವರು ನಿನ್ನನ್ನು ಅಳೆಯುವುದು ಅದರಿಂದ. ಊರಿನ ಒಂದು ಕೆಲಸವನ್ನು ಮಾತ್ರ ಯಾವಾಗಲೂ ಕೈಯಲ್ಲಿ ಇಟ್ಟುಕೋ, ಹಣ ಕಡಿಮೆ ಬಂದರೂ ಸರಿ. ಕಡತದ ಹಿಂದಿನ ನೀರನ್ನು, ಕಬ್ಬನ್ನು ನೋಡುವ ಅಭ್ಯಾಸ ತಪ್ಪಬಾರದು.

ಯಾರೇ ಬರಲಿ, ಮೊದಲ ಭೇಟಿಯಲ್ಲಿ ದರ ಹೇಳಬೇಡ, ಪರಿಹಾರವನ್ನೂ ಹೇಳಬೇಡ. ‘ಈ ಉತ್ತರ ಸಿಕ್ಕ ಮೇಲೆ ನೀವು ಏನು ಮಾಡ್ತೀರಿ?’ ಎಂದು ಕೇಳು. ಶೇಕಡಾ ಹತ್ತು ಹೆಚ್ಚು ಕಡಿಮೆಯಾದರೂ ಅವರ ತೀರ್ಮಾನ ಬದಲಾಗದಿದ್ದರೆ ಆರು ತಿಂಗಳ ಸಾಫ್ಟ್‌ವೇರ್ ಬೇಕಿಲ್ಲ, ಮೂರು ದಿನದ ಲೆಕ್ಕ ಸಾಕು. ಅದನ್ನು ಅವರಿಗೆ ನೇರವಾಗಿ ಹೇಳು. ಈ ಒಂದು ಮಾತಿನಿಂದ ಒಂದು ದೊಡ್ಡ ಕೆಲಸ ಕೈಬಿಟ್ಟಂತೆ ಅನಿಸುತ್ತದೆ. ಆದರೆ ಅವರು ಮುಂದಿನ ಸಲ ಬೇರೆಯವರ ಹತ್ತಿರ ಹೋಗುವುದಿಲ್ಲ. ಕೆಲಸ ದೊಡ್ಡದೇ ಆಗಿದ್ದರೆ, ಮೊದಲು ಎರಡು ವಾರದ ಒಂದು ಸಣ್ಣ ಅಧ್ಯಯನಕ್ಕೆ ಬೇರೆ ಕರಾರು ಮಾಡು, ಅದಕ್ಕೂ ಹಣ ತಗೋ. ಅವರ ಅಂಕಿಗಳ ನಿಜವಾದ ಸ್ಥಿತಿ ನಿನಗೆ ತಿಳಿಯುವುದು ಆಗಲೇ. ದತ್ತಾಂಶ ನೋಡದೆ ಒಟ್ಟು ಮೊತ್ತಕ್ಕೆ ಒಪ್ಪಿಕೊಳ್ಳುವುದು ಬೇಡ.

ಇನ್ನು ಕಾಗದಪತ್ರ. ನಮ್ಮ ಕಡೆ ಮಾತಿನ ಮೇಲೆ ವ್ಯವಹಾರ ಮಾಡುವವರು ಬಹಳ, ಅದರಲ್ಲಿ ಒಳ್ಳೆಯತನವೂ ಇದೆ. ಕೋಡಿನ ವಿಷಯದಲ್ಲಿ ಮಾತ್ರ ಬರಹ ಬೇಕೇಬೇಕು. 1957ರ ನಮ್ಮ ಕೃತಿಸ್ವಾಮ್ಯ ಕಾಯ್ದೆ ಕಂಪ್ಯೂಟರ್ ಪ್ರೋಗ್ರಾಮನ್ನು ಸಾಹಿತ್ಯ ಕೃತಿಯ ಸಾಲಿನಲ್ಲಿ ಇಡುತ್ತದೆ. ನೌಕರಿಯಲ್ಲಿದ್ದು ಬರೆದರೆ, ಬೇರೆ ಒಪ್ಪಂದ ಇಲ್ಲದಿದ್ದಾಗ, ಹಕ್ಕು ಮಾಲೀಕರದು. ಸ್ವತಂತ್ರವಾಗಿ ಬರೆದುಕೊಟ್ಟರೆ ಮೊದಲ ಹಕ್ಕು ಸಾಮಾನ್ಯವಾಗಿ ಬರೆದವರದು, ಅದನ್ನು ಬಿಟ್ಟುಕೊಡಲು ಸಹಿ ಮಾಡಿದ ಬರಹ ಬೇಕು. ಆ ಬರಹದಲ್ಲಿ ಅವಧಿ ಹೇಳದಿದ್ದರೆ ಐದು ವರ್ಷ, ಪ್ರದೇಶ ಹೇಳದಿದ್ದರೆ ಭಾರತ ಮಾತ್ರ ಎಂದು ಕಾಯ್ದೆ ತಿಳಿಯುತ್ತದೆ. ಇದು ನಿನ್ನ ರಕ್ಷಣೆಗೂ ಆಯಿತು, ಗಿರಾಕಿ ನಿನ್ನನ್ನು ಸ್ಪಷ್ಟವಾಗಿ ಕೇಳಬೇಕಾದದ್ದಕ್ಕೂ ಕಾರಣವಾಯಿತು. ನೀನು ವರ್ಷಗಳಿಂದ ಕೂಡಿಸಿಟ್ಟ ಸಾಮಾನ್ಯ ಉಪಯೋಗದ ಕೋಡನ್ನು ಕರಾರಿನಲ್ಲಿ ಬೇರೆಯಾಗಿ ಹೆಸರಿಸು: ಇದು ನನ್ನದು, ನಿಮಗೆ ಬಳಸುವ ಪರವಾನಗಿ ಇದೆ, ನಿಮಗಾಗಿ ಹೊಸದಾಗಿ ಬರೆದದ್ದು ನಿಮ್ಮದು. ಹೀಗೆ ಮಾಡದೆ ಎಲ್ಲ ಹಕ್ಕನ್ನೂ ಬರೆದುಕೊಟ್ಟರೆ ಎರಡನೆಯ ಗಿರಾಕಿಗೆ ಅದೇ ಕೋಡ್ ಬಳಸುವುದೂ ಅಪರಾಧವಾದೀತು. ಮುಕ್ತ ತಂತ್ರಾಂಶದಿಂದ ಏನೇನು ತೆಗೆದುಕೊಂಡಿದ್ದೀಯ, ಅದರ ಪರವಾನಗಿ ಏನು ಬೇಡುತ್ತದೆ ಎಂಬುದನ್ನೂ ಅದರಲ್ಲೇ ಹೇಳಿಬಿಡು.

ಹಣ ಹಂತಹಂತವಾಗಿ ಬರಲಿ, ಮೊದಲ ಹಂತ ಮುಂಗಡ. ಸಣ್ಣ ಉದ್ಯಮಗಳಿಗೆಂದು ಇರುವ ಉದ್ಯಮ್ ನೋಂದಣಿ ಮಾಡಿಸು, ಖರ್ಚಿಲ್ಲ. 2006ರ ಕಾಯ್ದೆಯ ಪ್ರಕಾರ ಸಣ್ಣ ಉದ್ಯಮಕ್ಕೆ ಕೊಡಬೇಕಾದ ಹಣವನ್ನು 45 ದಿನ ಮೀರಿಸುವಂತಿಲ್ಲ. ಮೀರಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೇಳಬಹುದು. ಕೇಳಬೇಕಾಗಿ ಬರುವುದು ಅಪರೂಪ. ಬಿಲ್ಲಿನ ಮೇಲೆ ಉದ್ಯಮ್ ಸಂಖ್ಯೆ ಅಚ್ಚಾಗಿದ್ದರೆ ದೊಡ್ಡ ಕಂಪನಿಯ ಲೆಕ್ಕಪತ್ರದವರು ತಾವೇ ನೆನಪಿಟ್ಟುಕೊಳ್ಳುತ್ತಾರೆ. ವರ್ಷದ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಹೊರದೇಶಕ್ಕೆ ಕೊಟ್ಟ ಸೇವೆಗೆ ತೆರಿಗೆ ದರ ಸೊನ್ನೆ, ಆದರೆ ಕಾಗದಪತ್ರದ ಕ್ರಮ ಬೇರೆ. ಇದನ್ನೆಲ್ಲ ಒಬ್ಬ ಸಿಎಗೆ ಒಪ್ಪಿಸಿ ನೀನು ನಿನ್ನ ಕೆಲಸ ಮಾಡು. ಒಂದು ವರ್ಷದ ಮನೆಖರ್ಚು ಬ್ಯಾಂಕಿನಲ್ಲಿ ಬೇರೆ ಇಡದೆ ಈ ಉದ್ಯೋಗಕ್ಕೆ ಇಳಿಯಬೇಡ. ಬಡಿವಾರಕ್ಕೆ ಹೇಳುತ್ತಿಲ್ಲ: ಚೆಕ್ಕು ಮೇಜಿನ ಮೇಲಿರುವಾಗ ಅಂಕಿ ಕದಲಿಸುವುದಿಲ್ಲ ಎನ್ನಲು ಮನೆಯಲ್ಲಿ ಅಕ್ಕಿ ಜೋಳ ಇರಬೇಕು.

ಒಬ್ಬಳೇ ಕೂತು ದುಡಿಯುವವಳಿಗೆ ತಪ್ಪು ತೋರಿಸುವವರು ಇರುವುದಿಲ್ಲ. ಲೈಗೋದಂಥ ಕಡೆ ಸಾವಿರ ಜನ ಒಬ್ಬರ ಲೆಕ್ಕವನ್ನು ಇನ್ನೊಬ್ಬರು ನೋಡುತ್ತಾರೆ. ನಿನ್ನ ಕೋಣೆಯಲ್ಲಿ ನೀನೊಬ್ಬಳೇ. ಜೊತೆಗೆ ಓದಿದ ಒಬ್ಬಳನ್ನೋ ಒಬ್ಬನನ್ನೋ ಗೊತ್ತುಮಾಡಿಕೋ, ಅವರ ಕೋಡ್ ನೀನು ನೋಡು, ನಿನ್ನದನ್ನು ಅವರು ನೋಡಲಿ, ದರ ಹಚ್ಚಿಯೇ ನೋಡಲಿ. ಗಿರಾಕಿಯ ಗುಟ್ಟಿನ ಅಂಕಿ ತೋರಿಸುವ ಹಾಗಿಲ್ಲದಿದ್ದರೆ ಕರಾರಿನಲ್ಲೇ ಅದಕ್ಕೊಂದು ಸಾಲು ಸೇರಿಸಿ ಒಪ್ಪಿಗೆ ತಗೋ. ತಿಂಗಳಿಗೊಮ್ಮೆ ಬೆಳಗಾವಿಗೋ ಧಾರವಾಡಕ್ಕೋ ಹೋಗಿ ವಿಶ್ವವಿದ್ಯಾಲಯದ ಒಂದು ಉಪನ್ಯಾಸ ಕೇಳು. ಐಐಟಿ ಬಾಂಬೆಯವರ ಸ್ಪೋಕನ್ ಟ್ಯುಟೋರಿಯಲ್ ಪಾಠಗಳು ಕನ್ನಡದಲ್ಲೂ ಇವೆ; ನಮ್ಮ ಮೂಡಲಗಿ, ಹುಕ್ಕೇರಿ ಕಾಲೇಜಿನ ಬಿ.ಎಸ್‌ಸಿ. ಮಕ್ಕಳಿಗೆ ಪೈಥಾನ್ ಹೇಳಿಕೊಡಲು ಅವು ಒಳ್ಳೆಯ ಆರಂಭ. ಎರಡು ವರ್ಷದ ಮೇಲೆ ಸಹಾಯಕ್ಕೆ ಯಾರಾದರೂ ಬೇಕಾದಾಗ ನೀನು ಅಲ್ಲಿಂದಲೇ ಆರಿಸಿಕೊಳ್ಳಬಹುದು. ಹುಡುಗಿಯರನ್ನು ಮರೆಯಬೇಡ, ಮದುವೆಯಾಗಿ ಊರಲ್ಲೇ ಉಳಿದ, ಲೆಕ್ಕದಲ್ಲಿ ಚಿನ್ನದಂಥ ಹುಡುಗಿಯರು ಈ ತಾಲ್ಲೂಕುಗಳಲ್ಲಿ ಎಷ್ಟೋ ಜನ ಇದ್ದಾರೆ, ನನ್ನ ತರಗತಿಯಲ್ಲಿ ಕೂತವರೇ.

ಪುಣೆಯವರು ಕಳಿಸಿದ ಕರಾರಿನ ಕರಡು ನಿನ್ನ ಹತ್ತಿರ ಇದೆ ಎಂದೆಯಲ್ಲ, ಅದಕ್ಕೆ ಇನ್ನೂ ಸಹಿ ಹಾಕಬೇಡ. ಕೋಡಿನ ಹಕ್ಕಿನ ಸಾಲು, ಮುಂಗಡದ ಸಾಲು, ಬೇರೆಯವರಿಂದ ಪರಿಶೀಲನೆ ಮಾಡಿಸುವ ಸಾಲು, ಈ ಮೂರನ್ನು ನೀನೇ ತಿದ್ದಿ ಬರೆ. ಅವರ ಮಾದರಿ ಕಡತವನ್ನೂ ತಗೊಂಡು ಭಾನುವಾರ ಮನೆಗೆ ಬಾ. ಉತ್ತರ ಎಷ್ಟು ಬರಬೇಕೆಂದು ಹಾಳೆಯ ಮೇಲೆ ಮೊದಲು ಬರೆಯೋಣ, ಆಮೇಲೆ ದರದ ಮಾತು.